ಡಬ್ಬದಕ್ಕ

ಹೆಸರಿಗೆ ಅದು ದ್ವೀಪದ ದಾಖಲೆ ಭಂಡಾರ. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಹಾಗೇ ಬರೆದಿದೆ. ಅರ್ಧಕ್ಕರ್ಧ ಅಕ್ಷರ ಉಪ್ಪುಗಾಳಿಗೆ ಉದುರಿಹೋಗಿವೆ. ಜನರ ಬಾಯಲ್ಲಿ ಮಾತ್ರ ಅದು ಡಬ್ಬದ ಮನೆ, ಅದರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ಡಬ್ಬದಕ್ಕ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ದರ್ಜಿ, ಸದಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇರುವ ಮನುಷ್ಯ. ಅವನೂ ಏನಾದರೂ ಹೇಳಬೇಕೆಂದರೆ ಸೂಜಿ ತೆಗೆದು "ಏನಮ್ಮಾ ಡಬ್ಬದಕ್ಕ" ಎಂದೇ ಶುರುಮಾಡುತ್ತಿದ್ದ. ಹೇಳಿ ಮುಗಿಸಿ ಸೂಜಿಯನ್ನು ಮತ್ತೆ ಬಾಯಿಗೆ ಇಟ್ಟುಕೊಳ್ಳುತ್ತಿದ್ದ.

ಡಬ್ಬದ ಮನೆ ಒಂದು ಕಾಲದಲ್ಲಿ ಮೀನಿಗೆ ಹಾಕುವ ಐಸು ತುಂಬಿಡುತ್ತಿದ್ದ ಕೋಣೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯಲ್ಲಿ ಒಬ್ಬರು ಆರಾಮಾಗಿ ಕಾಲು ಮಡಚಿ ಕೂರಬಹುದು. ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಮೂಲೆಗೆ ಹೋದರೆ ಈಗಲೂ ಮೀನಿನ ವಾಸನೆ. ನೆಲದಿಂದ ಮಾಡಿನ ತನಕ ಹಲಗೆಗಳು, ಹಲಗೆ ತುಂಬ ಚೌಕದ ಬಿಸ್ಕತ್ತಿನ ತಗಡು ಡಬ್ಬಗಳು, ಒಂದೊಂದು ಡಬ್ಬದ ಮೇಲೆ ಒಬ್ಬೊಬ್ಬರ ಹೆಸರು. ಒಬ್ಬರಿಗೆ ಒಂದೇ ಡಬ್ಬ, ಮುಚ್ಚಳ ಸರಿಯಾಗಿ ಕೂರಬೇಕು, ಇಲ್ಲವಾದರೆ ತೇವ ಹೊಕ್ಕು ಎಲ್ಲ ಬೂಸಲು. ಒಳಗೆ ಏನಿಡಬೇಕು ಎನ್ನುವುದು ಅವರವರ ಇಷ್ಟ. ಶಾಲೆಯ ಸರ್ಟಿಫಿಕೇಟು, ಮದುವೆಯ ಫೋಟೋ, ಮೊದಲು ಬಿದ್ದ ಹಲ್ಲು, ತಾಯಿಯ ಕೂದಲು. ಒಬ್ಬ ಮಹಾರಾಯ ತನ್ನ ಹೆಂಡತಿ ಮಾತು ಬಿಟ್ಟ ದಿನದ ದಿನಪತ್ರಿಕೆ ಇಟ್ಟಿದ್ದ, ಅದರಲ್ಲಿ ಆ ಸುದ್ದಿ ಬಂದಿದೆಯೋ ಎನ್ನುವ ಹಾಗೆ.

ಇದನ್ನು ಶುರುಮಾಡಿದವರು ಅವಳ ಅಪ್ಪ, ದ್ವೀಪದ ಶಾಲೆಯ ಮೇಷ್ಟ್ರು. ದ್ವೀಪದವರಿಗೆ ಜಗತ್ತಿನಲ್ಲಿ ಇರುವುದು ಎರಡೇ ಜಾಗ, ಈಚೆ ಮತ್ತು ಆಚೆ. ಈಚೆ ಎಂದರೆ ದ್ವೀಪ, ಮಿಕ್ಕಿದ್ದೆಲ್ಲ ಆಚೆ. ಒಂದು ವರ್ಷ ಬಿರುಗಾಳಿಗೆ ಸಮುದ್ರ ಉಕ್ಕಿ ಆಚೆಯ ಸರ್ಕಾರಿ ಕಚೇರಿಗೆ ನುಗ್ಗಿತು. ಕಪಾಟುಗಳೆಲ್ಲ ನೀರುಪಾಲಾಗಿ, ದ್ವೀಪಕ್ಕೆ ಸೇರಿದ ಕಾಗದ ಒಂದು ಚೂರೂ ಉಳಿಯಲಿಲ್ಲ. ಸೂರು ಹಾರಿಹೋದವರು ಪರಿಹಾರ ಕೇಳಲು ಹೋದರೆ ಗುಮಾಸ್ತ ಕತ್ತು ಕೂಡ ಎತ್ತದೆ ಕೇಳಿದನಂತೆ, "ನೀವು ಅಲ್ಲಿ ಇದ್ದೀರಿ ಅನ್ನೋದಕ್ಕೆ ಏನ್ರೀ ಸಾಕ್ಷಿ?" ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಎದುರಿಗೆ ಗಂಡಸರು ಹೆಂಗಸರು ಮಕ್ಕಳು ಒದ್ದೆ ಬಟ್ಟೆಯಲ್ಲಿ ನಿಂತಿದ್ದಾರೆ, ಇವನಿಗೆ ಸಾಕ್ಷಿ ಬೇಕಂತೆ! ವಾಪಸು ಬಂದವರೇ ಅಂಗಡಿಯವನ ಹಿತ್ತಲಲ್ಲಿ ಬಿದ್ದಿದ್ದ ಖಾಲಿ ಡಬ್ಬಗಳನ್ನೆಲ್ಲ ಹೊತ್ತು ತಂದು ತೊಳೆದು ಒಣಗಿಸಿ, ಪಾಳುಬಿದ್ದ ಐಸು ಕೋಣೆಯಲ್ಲಿ ಸಾಲಾಗಿ ಜೋಡಿಸಿದರು. "ಇನ್ನು ಮೇಲೆ ನಾವಿದ್ದೀವಿ ಅನ್ನೋದಕ್ಕೆ ನಾವೇ ಸಾಕ್ಷಿ ಇಟ್ಕೊಳ್ಳೋಣ" ಅಂದರು. ಜನ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರೇ ಸೆರಗಿನಲ್ಲಿ, ಚೀಲದಲ್ಲಿ ಏನೇನೋ ಮುಚ್ಚಿಟ್ಟುಕೊಂಡು ಬರತೊಡಗಿದರು.

ಡಬ್ಬ ಇಲ್ಲಿ ಹುಟ್ಟಿದವರಿಗೆ ಮಾತ್ರ ಎನ್ನುವ ನಿಯಮ ಆಮೇಲೆ ಬಂದದ್ದು. ಆಚೆಯ ವ್ಯಾಪಾರಿಯೊಬ್ಬ ದಡದ ಜಾಗದ ಮೇಲೆ ಕಣ್ಣುಹಾಕಿ, ತಾನೂ ಇಲ್ಲಿಯವನೇ ಎಂದು ತೋರಿಸಲು ಎರಡು ಫೋಟೋ ತುಂಬಿದ ಡಬ್ಬ ಹಿಡಿದು ಬಂದಿದ್ದ. ಮೇಷ್ಟ್ರು ಅವನನ್ನು ಬಂದ ದಾರಿಗೆ ಅಟ್ಟಿ, ಸಮಿತಿ ಮಾಡಿ ಬರೆದಿಟ್ಟರು: ಡಬ್ಬ ಬೇಕೆಂದರೆ ದ್ವೀಪದ ಮೇಲೆ ಹುಟ್ಟಿರಬೇಕು. ಅಷ್ಟರಲ್ಲಿ ಮೀನುಗಾರನ ಹೆಂಡತಿಯೊಬ್ಬಳು ದೋಣಿಯಲ್ಲೇ ಹೆತ್ತಳು. ಅದಕ್ಕೇನು ಮಾಡುವುದು? ನೀರಿನ ಮೇಲೆ ಸರಪಳಿ ಕಟ್ಟಿ ತೇಲಿಬಿಟ್ಟ ಕೆಂಪು ಪೀಪಾಯಿ ಒಂದಿತ್ತು, ಅಲ್ಲಿಯವರೆಗೆ ದ್ವೀಪದವರ ಬಲೆ, ಅಲ್ಲಿಂದಾಚೆ ಆಚೆಯವರ ಬಲೆ. ಪೀಪಾಯಿಯ ಗಡಿಯೊಳಗೆ ಹುಟ್ಟಿದರೆ ದ್ವೀಪದಲ್ಲಿ ಹುಟ್ಟಿದ ಹಾಗೆ ಅಂತ ತೀರ್ಮಾನವಾಯಿತು, ಆ ಮಗುವಿಗೂ ಡಬ್ಬ ಸಿಕ್ಕಿತು. ಎಲ್ಲವನ್ನೂ ಯೋಚಿಸಿದ್ದೇವೆ ಎಂದು ಸಮಿತಿಯವರು ಬೆನ್ನು ತಟ್ಟಿಕೊಂಡರು. ದ್ವೀಪದಲ್ಲಿ ಹುಟ್ಟುವುದೇ ನಿಂತುಹೋಗಬಹುದು ಎನ್ನುವುದೊಂದು ಮಾತ್ರ ಆ ಬುದ್ಧಿವಂತರ ತಲೆಗೆ ಹೊಳೆದಿರಲಿಲ್ಲ.

ನಿಂತುಹೋಯಿತು. ದ್ವೀಪದ ಎರಡು ಕೋಣೆಯ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಬೀಗ ಬಿತ್ತು, ಇಷ್ಟು ಕಡಿಮೆ ಜನಕ್ಕೆ ಅಷ್ಟೆಲ್ಲ ಯಾಕೆ ಎಂದು ಆಚೆಯವರು ಕೈತೊಳೆದುಕೊಂಡರು. ನರ್ಸಮ್ಮ ಒಬ್ಬರು ಮಾತ್ರೆ ಕೊಡಲು ಉಳಿದರು. ಬಸುರಿಯರು ದಿನ ತುಂಬುತ್ತಿದ್ದ ಹಾಗೆ ಲಾಂಚು ಹತ್ತಿ ಆಚೆಗೆ ಹೋಗಿ, ಮಗು ಎತ್ತಿಕೊಂಡು ವಾಪಸು ಬರಬೇಕು. ಬೀಗ ಬೀಳುವ ಮುಂಚೆ ಕೊನೆಯದಾಗಿ ಹುಟ್ಟಿದವನಿಗೆ ಕೊನೆ ಡಬ್ಬ ಎಂದೇ ಹೆಸರಾಯಿತು. ಅವನು ಬೆಳೆದು ಮೀಸೆ ಬಿಟ್ಟು ಅಂಚೆಯವನಾಗಿ, ಸಮಿತಿಗೂ ಸೇರಿ, ತಾನು ಹುಟ್ಟಿದ್ದೇ ಒಂದು ಸಾಧನೆ ಎನ್ನುವ ಹಾಗೆ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ.

ಮೇಷ್ಟ್ರು ತೀರಿಹೋದ ಮೇಲೆ ಬೀಗದ ಕೈ ಮಗಳಿಗೆ ಬಂತು. ಕೈ ಬಂದದ್ದಷ್ಟೇ ಅಲ್ಲ, ಅಪ್ಪನ ಹಟವೂ ಬಂತು. ಅಪ್ಪನಿಗಾದರೂ ಆಗೊಮ್ಮೆ ಈಗೊಮ್ಮೆ ಕರುಣೆ ಉಕ್ಕುತ್ತಿತ್ತು, ಇವಳದು ಕಡ್ಡಿ ಮುರಿದ ಹಾಗೆ ಮಾತು. ಬ್ರೆಡ್ಡು ಸುಡುವವನ ಹೆಂಡತಿ ಆಚೆ ಹುಟ್ಟಿದ ಅವಳಿ ಮಕ್ಕಳನ್ನು ಎರಡು ಕಂಕುಳಲ್ಲೂ ಎತ್ತಿಕೊಂಡು ಬಂದಾಗ, ಒಳಗೆ ಬರಲೂ ಬಿಡದೆ ಹೊಸಿಲಲ್ಲೇ ಹೇಳಿ ಕಳಿಸಿದ್ದಳು. "ಆಚೆ ಹುಟ್ಟಿದ್ದಕ್ಕೆ ಆಚೆಯವ್ರು ಸರ್ಟಿಫಿಕೇಟು ಕೊಟ್ಟಿದ್ದಾರಲ್ಲಮ್ಮ, ಅದನ್ನೇ ಇಟ್ಕೋ." ಹಾಗೆ ಹೇಳುವಾಗ ಒಳಗೊಳಗೆ ಅವಳಿಗೆ ಒಂಥರಾ ಖುಷಿಯಾಗುತ್ತಿತ್ತು. ಸುಳ್ಳೇಕೆ, ಆಗುತ್ತಿತ್ತು. ಅಪ್ಪ ಕಟ್ಟಿದ ಬೇಲಿಯನ್ನು ತಾನು ಕಾಯುತ್ತಿದ್ದೇನೆ ಎನ್ನುವ ಖುಷಿ.

ಅವಳಿಗೂ ಮದುವೆಯಾಗಿ ಬಹಳ ವರ್ಷದ ಮೇಲೆ ದಿನ ತುಂಬಿತು. ಲೆಕ್ಕ ಹಾಕಿದ್ದಕ್ಕಿಂತ ಮುಂಚೆಯೇ ನೋವು ಕಾಣಿಸಿಕೊಂಡು, ನರ್ಸಮ್ಮ ಅವಳನ್ನು ಲಾಂಚಿನ ಹಲಗೆಯ ಮೇಲೆ ಮಲಗಿಸಿಕೊಂಡು ಹೊರಟರು. ದರ್ಜಿ ಆ ಹೊತ್ತಿಗೆ ಬಟ್ಟೆ ತರಲು ಆಚೆಗೆ ಹೋಗಿದ್ದ. ಲಾಂಚಿನಲ್ಲಿ ಇದ್ದವರು ಇವಳು, ನರ್ಸಮ್ಮ, ಚುಕ್ಕಾಣಿ ಹಿಡಿದ ಲಾಂಚಿನವನು, ಮೂರೇ ಜನ. ಆಚೆ ದಡ ಮುಟ್ಟುವ ಮುಂಚೆಯೇ ನಾಲ್ಕನೆಯವಳು ಬಂದು ಕಿಟಾರನೆ ಕಿರುಚಿದಳು. ಹುಡುಗಿ. ಲಾಂಚು ಪೀಪಾಯಿಯ ಒಳಗಿತ್ತೋ ಹೊರಗಿತ್ತೋ ಎಂದು ಆಗ ಯಾರೂ ಕೇಳಲಿಲ್ಲ. ಅವಳು ಕೂಡ ಕೇಳಲಿಲ್ಲ.

ಆಮೇಲೂ ಕೇಳಲಿಲ್ಲ, ಅಲ್ಲೇ ಅವಳು ಎಡವಿದ್ದು. ನರ್ಸಮ್ಮ ಇನ್ನೂ ಬದುಕಿದ್ದಾಗ ಒಂದು ಮಾತು ಕೇಳಿ ಸಮಿತಿಯ ಮುಂದೆ ಹೇಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೀಗದ ಕೈ ಇರುವವಳು ತನ್ನ ಮಗಳಿಗೆ ತಾನೇ ಡಬ್ಬ ಮಾಡಿಕೊಂಡಳು ಎಂದು ಜನ ಆಡಿಕೊಂಡಾರು ಎನ್ನುವ ಬಿಗುಮಾನ. ಅದಕ್ಕಿಂತ ಹೆಚ್ಚಾಗಿ, ಮಗಳಿಗೆ ಡಬ್ಬ ಇಲ್ಲದಿರುವುದು ಅವಳ ಕೈಗೆ ಸಿಕ್ಕ ಒಳ್ಳೆಯ ದೊಣ್ಣೆಯಾಯಿತು. ಯಾರೇ ಬಂದು ಗೋಗರೆಯಲಿ, "ನನ್ನ ಮಗಳಿಗೇ ಇಲ್ಲ, ನಿನ್ನ ಮಕ್ಕಳಿಗೆ ಎಲ್ಲಿಂದ ತರ್ಲಿ?" ಅಂದರೆ ಸಾಕು, ಬಂದವರು ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದರು. ಲಾಂಚಿನವನ ಹೆಂಡತಿಯೂ ಮಗನನ್ನು ಹೊತ್ತು ಬಂದು ಇದೇ ಮಾತು ಕೇಳಿಸಿಕೊಂಡು ಅತ್ತುಕೊಂಡು ಹೋಗಿದ್ದಳು. ಆ ಮಗು ಆಸ್ಪತ್ರೆಯ ಗೇಟಿನ ಹತ್ತಿರ ಹುಟ್ಟಿತೋ, ಜೆಟ್ಟಿಯಲ್ಲಿ ಹುಟ್ಟಿತೋ, ನೀರಿನ ಮೇಲೋ, ಡಬ್ಬದಕ್ಕ ಅದನ್ನೂ ಕೇಳಿರಲಿಲ್ಲ.

ಮಗಳು ಡಬ್ಬದ ಮನೆಯಲ್ಲೇ ಬೆಳೆದಳು. ಶಾಲೆ ಬಿಟ್ಟವಳೇ ಕಿಟಕಿಯಲ್ಲಿ ಕೂತು, ಅಮ್ಮ ಡಬ್ಬ ಒರೆಸುವಾಗ ಮೇಲಿನ ಹೆಸರುಗಳನ್ನು ಗಟ್ಟಿಯಾಗಿ ಓದುವುದು, ಅಜ್ಜನ ಡಬ್ಬದ ಮುಂದೆ ನಿಂತು ಸೆಲ್ಯೂಟು ಹೊಡೆಯುವುದು. ಒಮ್ಮೆ ಕೇಳಿದಳು, "ಅಮ್ಮ, ನಂದು ಯಾವ ಸಾಲಲ್ಲಿದೆ?"

"ನಿಂದಿಲ್ಲ ಕಣೆ. ನೀನು ನೀರಿನ ಮೇಲೆ ಹುಟ್ಟಿದೋಳು."

"ಹಾಗಾದ್ರೆ ಲಾಂಚಿನ ಮಾಮನ ಹತ್ರ ಹೇಳಿ ಲಾಂಚಲ್ಲೇ ಒಂದು ಡಬ್ಬ ಇಡ್ಸು. ಅದ್ರಲ್ಲಿ ಬಿಸ್ಕತ್ತೇ ಇರ್ಲಿ."

ಅವತ್ತು ಅಮ್ಮ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಈಗ ಅದು ನೆನಪಾದರೆ ಡಬ್ಬದಕ್ಕನಿಗೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ.

ಹುಡುಗಿ ಏಳನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ನರ್ಸಮ್ಮ ಆ ವೇಳೆಗೆ ತೀರಿಹೋಗಿದ್ದರು, ಅವರ ಜಾಗಕ್ಕೆ ಯಾರನ್ನೂ ಕಳಿಸಿರಲಿಲ್ಲ. ಮಾತ್ರೆಗೆ ಬಗ್ಗುವ ಜ್ವರ ಅಲ್ಲ ಎಂದು ಗೊತ್ತಾಗುವಷ್ಟರಲ್ಲಿ ಗಾಳಿ ಎದ್ದು, ಲಾಂಚನ್ನು ಜೆಟ್ಟಿಗೆ ಕಟ್ಟಿಹಾಕಿದ್ದರು. ದರ್ಜಿ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಜೆಟ್ಟಿಯ ತುದಿಗೆ ಹೋಗಿ ನಿಂತ. ಲಾಂಚಿನವನು ಇಂಜಿನ್ನು ಚಾಲೂ ಮಾಡಿ ಹೊರಟೇ ಹೊರಟ, ಆದರೆ ಮೊದಲ ಅಲೆಗೇ ಲಾಂಚು ಅಡ್ಡಡ್ಡ ತಿರುಗಿ ಜೆಟ್ಟಿಯ ಗೋಡೆಗೆ ಬಡಿಯಿತು. ಮತ್ತೆರಡು ಸಲ ನೋಡಿದ, ಆಗಲಿಲ್ಲ. ಗಾಳಿ ನಿಲ್ಲುವ ಹೊತ್ತಿಗೆ ಹುಡುಗಿಯ ಉಸಿರೂ ನಿಂತಿತ್ತು. ಮಣ್ಣು ಮಾಡಿ ಬಂದ ಮೇಲೆ ಡಬ್ಬದಕ್ಕ ಅಡುಗೆಮನೆಯ ಗೋಡೆಗೆ ಒರಗಿ ಕೂತು ಒಂದೇ ಮಾತನ್ನು ಹೇಳುತ್ತಿದ್ದಳು. "ಹುಟ್ಟೋಕೆ ಆಚೆ ಕಳಿಸಿದ್ರು, ಸಾಯೋಕೆ ಇಲ್ಲೇ ಬಿಟ್ರು."

ತಿಂಗಳುಗಟ್ಟಲೆ ಡಬ್ಬದ ಮನೆಯ ಬಾಗಿಲು ತೆರೆಯಲಿಲ್ಲ. ತೆರೆದ ದಿನ ಅವಳು ಕಸಬರಿಗೆ ಹಿಡಿದು ಒಳಗೆ ನಿಂತು ಸುತ್ತ ನೋಡಿದಳು. ಕುಡಿದು ಬಿದ್ದು ಸತ್ತವನ ಡಬ್ಬ ಇದೆ. ತಮ್ಮನ ದೋಣಿಗೆ ಬೆಂಕಿಯಿಟ್ಟವನ ಡಬ್ಬ ಇದೆ. ಹೆಂಡತಿಗೆ ಹೊಡೆಯುವುದರಲ್ಲಿ ಎತ್ತಿದ ಕೈಯಾಗಿದ್ದವನ ಡಬ್ಬವನ್ನು ತಾನೇ ವಾರವಾರ ಒರೆಸಿದ್ದೇನೆ. ತನ್ನ ಮಗಳು ಮಾತ್ರ ಇಲ್ಲಿ ಎಲ್ಲೂ ಇಲ್ಲ. ನಾಳೆ ತಾನು, ಗಂಡ ಸತ್ತರೆ ಅಂಥ ಹುಡುಗಿಯೊಬ್ಬಳು ಈ ಕಿಟಕಿಯಲ್ಲಿ ಕೂತಿದ್ದಳು ಎಂದು ಹೇಳುವವರೇ ಇಲ್ಲ. ಕಸಬರಿಗೆ ಬಿಸಾಡಿ ನೇರ ಭಾವನ ಅಂಗಡಿಗೆ ಹೋದಳು.

ಭಾವ ಎಂದರೆ ದರ್ಜಿಯ ಅಣ್ಣ, ಬಲೆ ಮತ್ತು ಹಗ್ಗದ ವ್ಯಾಪಾರಿ, ಸಮಿತಿಯ ಅಧ್ಯಕ್ಷರು. ಹಗ್ಗ ಅಳೆಯುತ್ತಿದ್ದವರು ಅವಳ ಮಾತು ಕೇಳಿ ಕೈ ನಿಲ್ಲಿಸಿದರು.

"ನೋಡಮ್ಮ, ನಂಗೂ ಅವಳು ಮಗಳೇ. ಆದ್ರೆ ಇಷ್ಟು ವರ್ಷ ನೀನು ಎಲ್ರಿಗೂ ಇಲ್ಲ ಇಲ್ಲ ಅಂತ ಹೇಳಿ, ಈಗ..."

"ಪೀಪಾಯಿ ಒಳಗೆ ಹುಟ್ಟಿದ್ರೆ ಕೊಡ್ಬೇಕು ಅಂತ ನಿಯಮ ಇದೆ ಭಾವ. ನಾನೇನು ಬಿಟ್ಟಿ ಕೇಳ್ತಿಲ್ಲ."

"ಒಳಗೆ ಹುಟ್ಟಿದ್ದು ಅಂತ ಹೇಳೋರು ಯಾರು?"

"ಲಾಂಚಿನವನು ಇದ್ದಾನಲ್ಲ."

ಭಾವ ಹಗ್ಗದ ಕಡೆ ನೋಡುತ್ತ, ಆಯಿತು, ಅವನನ್ನೇ ಕರೆಸೋಣ ಅಂದರು.

ಮನೆಗೆ ಬಂದು ಹೇಳಿದರೆ ದರ್ಜಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. "ಬಿಡೇ. ಡಬ್ಬದಲ್ಲಿಟ್ರೆ ಎದ್ದು ಬರ್ತಾಳಾ?"

"ಎದ್ದು ಬರೋದು ಬೇಡ. ಇದ್ಲು ಅಂತ ಇರ್ಲಿ."

ಮಾರನೆಯ ದಿನ ಅವನು ಡಬ್ಬದ ಒಳಗೆ ಹಾಸಲು ಬಿಳಿ ಬಟ್ಟೆಯನ್ನು ಚೌಕಕ್ಕೆ ಕತ್ತರಿಸಿ, ಅಂಚು ಹೊಲಿದು, ಮೇಜಿನ ಮೇಲೆ ಇಟ್ಟು ಕೆಲಸಕ್ಕೆ ಕೂತ.

ಸಭೆ ಶಾಲೆಯ ಕೋಣೆಯಲ್ಲಿ ಸೇರಿತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಡಬ್ಬ ಇದ್ದವರು, ಡಬ್ಬ ಸಿಗದ ಮಕ್ಕಳ ಅಪ್ಪ ಅಮ್ಮಂದಿರು, ಸುಮ್ಮನೆ ತಮಾಷೆ ನೋಡಲು ಬಂದವರು, ಯಾರೂ ತಪ್ಪಿಸಿಕೊಂಡಿರಲಿಲ್ಲ. ಕೊನೆ ಡಬ್ಬ ಎದ್ದು ನಿಂತು ಮೀಸೆ ಸವರಿಕೊಂಡು, ನಿಯಮ ಎಲ್ಲರಿಗೂ ಒಂದೇ ಎನ್ನುವುದನ್ನು ಹೊಸದಾಗಿ ತಾನೇ ಕಂಡುಹಿಡಿದವನ ಹಾಗೆ ವಿವರಿಸಿದ. ಡಬ್ಬದಕ್ಕ ತಲೆ ತಗ್ಗಿಸಿಕೊಂಡು ಕೇಳಿದಳು. ಅವನು ಹೇಳಿದ ಒಂದೊಂದು ಮಾತೂ ಅವಳೇ ಕಲಿಸಿಕೊಟ್ಟದ್ದು.

ಅಧ್ಯಕ್ಷರು ಲಾಂಚಿನವನನ್ನು ಕೇಳಿದರು. "ಮಗು ಅತ್ತಾಗ ಲಾಂಚು ಎಲ್ಲಿತ್ತಪ್ಪ? ಪೀಪಾಯಿ ದಾಟಿತ್ತಾ, ಇಲ್ವಾ?"

ಲಾಂಚಿನವನು ಎಣ್ಣೆ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪಕ್ಕದಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಡಬ್ಬವಿಲ್ಲದ ಮಗ, ಆಗಲೇ ಅಪ್ಪನ ಭುಜದೆತ್ತರ ಬೆಳೆದಿದ್ದಾನೆ. ಡಬ್ಬದಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಇವನು ಒಳ್ಳೆಯವನು, ಅವತ್ತು ಗಾಳಿಯಲ್ಲಿ ಜೀವದ ಹಂಗು ತೊರೆದು ಲಾಂಚು ಬಿಟ್ಟವನು, ಒಂದು ಮಾತು ಹೇಳುವುದಕ್ಕೆ ಇವನಿಗೆ ಏನು ಕಷ್ಟ ಎಂದುಕೊಳ್ಳುತ್ತಿದ್ದಳು.

"ದಾಟಿತ್ತು," ಅಂದ ಲಾಂಚಿನವನು.

ಯಾರೋ ಹಿಂದಿನ ಬೆಂಚಿನಲ್ಲಿ ಲೊಚ್ ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಹಾಗಾದರೆ ನಾವೇನೂ ಮಾಡುವ ಹಾಗಿಲ್ಲ ಎಂದು ಹೇಳಿ ಎದ್ದರು. ಹೊರಗೆ ಹೋಗುವಾಗ ಬ್ರೆಡ್ಡು ಸುಡುವವನ ಹೆಂಡತಿ ಪಕ್ಕಕ್ಕೆ ಬಂದು, ಪಾಪ ಅಂತಲೂ ಅನ್ನದೆ, ಚೆನ್ನಾಗಾಯಿತು ಅಂತಲೂ ಅನ್ನದೆ, ಡಬ್ಬದಕ್ಕನ ಭುಜದ ಮೇಲಿಂದ ಜಾರಿದ್ದ ಸೆರಗನ್ನು ಸರಿ ಮಾಡಿ ಹೋದಳು.

ಡಬ್ಬದಕ್ಕ ಲಾಂಚಿನವನನ್ನು ಜೆಟ್ಟಿಯಲ್ಲಿ ಹಿಡಿದಳು. ಅವನು ಹಗ್ಗ ಬಿಚ್ಚುತ್ತಿದ್ದ.

"ನಿಜ ಹೇಳು. ದಾಟಿತ್ತಾ?"

"ಅಕ್ಕ, ನಿಜ ಬೇಕಾ? ನಂಗೆ ಗೊತ್ತಿಲ್ಲ." ಅವನು ಹಗ್ಗ ಕೆಳಗೆ ಹಾಕಿದ. "ನೀವು ಕಿರುಚ್ತಾ ಇದ್ರಿ. ನರ್ಸಮ್ಮ ಬಿಸಿನೀರು ಅಂದ್ರು, ಟವೆಲ್ ಅಂದ್ರು, ನಾನು ಚುಕ್ಕಾಣಿ ಬಿಟ್ಟು ಓಡಾಡ್ತಾ ಇದ್ದೆ. ಲಾಂಚು ತಾನೇ ಎಲ್ಲಿಗೋ ಹೋಗ್ತಿತ್ತು. ಅವತ್ತು ಪೀಪಾಯಿ ನೋಡಿದೋರು ಯಾರು?"

"ಗೊತ್ತಿಲ್ಲ ಅಂತಾದ್ರೂ ಹೇಳ್ಬೋದಿತ್ತಲ್ಲೋ! ದಾಟಿತ್ತು ಅಂತ ಯಾಕೆ ಅಂದೆ?"

"ನನ್ನ ಮಗ ಎಲ್ಲಿ ಹುಟ್ಟಿದ ಅಂತ ನೀವು ಕೇಳಿದ್ರಾ?" ಅವನ ದನಿ ಏರಿತು. "ಅವನೂ ಲಾಂಚಲ್ಲೇ ಹುಟ್ಟಿದ್ದು ಅಕ್ಕ. ಪೀಪಾಯಿಯಿಂದ ಈಚೆಗೆ. ಅವತ್ತು ನಾನು ಕಣ್ಣಾರೆ ನೋಡಿದ್ದೆ. ನನ್ನ ಹೆಂಡ್ತಿ ಅದನ್ನ ಹೇಳೋಕೇ ಬಂದಿದ್ದು. ಬಾಯಿ ಬಿಡೋಕೆ ಬಿಟ್ರಾ ನೀವು? ನಿಮ್ಮ ಮಗಳ ಹೆಸರು ಹೇಳಿ ಓಡಿಸಿದ್ರಿ."

ಡಬ್ಬದಕ್ಕನಿಗೆ ಬೈಯಬೇಕು ಅನ್ನಿಸಿತು. ಅವನ ಕೊರಳಪಟ್ಟಿ ಹಿಡಿದು ನೀರಿಗೆ ನೂಕಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ಅಲ್ಲಗಳೆಯುವುದಕ್ಕೆ ಏನೂ ಇರಲಿಲ್ಲ. ಅವನೂ ಆಮೇಲೆ ಮುಖ ಒರೆಸಿಕೊಂಡು, "ಹುಡುಗಿ ಮೇಲೆ ನಂಗೇನೂ ಇರ್ಲಿಲ್ಲ ಅಕ್ಕ, ಅವಳು ನನ್ನ ಕೈಯಲ್ಲೇ ಹುಟ್ಟಿದೋಳು" ಅಂದ. ಅಷ್ಟು ಹೇಳಿದವನು, ಹೋಗಿ ಸಮಿತಿಯ ಮುಂದೆ ಮಾತು ತಿದ್ದುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಮಗಳ ಸಾಮಾನುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಡಬ್ಬದ ಮನೆಗೆ ಹೋದಳು. ಬಾಗಿಲು ಒಳಗಿನಿಂದ ಹಾಕಿಕೊಂಡು, ತನ್ನ ಡಬ್ಬವನ್ನು ಹಲಗೆಯಿಂದ ಇಳಿಸಿ ಮುಚ್ಚಳ ತೆಗೆದಳು. ಶಾಲೆಯ ಸರ್ಟಿಫಿಕೇಟು. ಅಪ್ಪ ಬರೆದ ಒಂದು ಕಾಗದ. ಮದುವೆಯ ಫೋಟೋ, ಅದರಲ್ಲೂ ದರ್ಜಿಯ ಬಾಯಿ ಬಿಗಿದುಕೊಂಡೇ ಇದೆ. ಅಮ್ಮನ ಒಂದು ಬಳೆ. ಡಬ್ಬ ತುಂಬಿತ್ತು. ಮಗಳದೆಂದು ಇದ್ದದ್ದು ಒಂದು ಫ್ರಾಕು, ಹೆಣೆದ ಟೋಪಿ, ಚಿತ್ರ ಬರೆದ ಹಾಳೆಗಳು, ಬಿರುಕು ಬಿಟ್ಟ ಸ್ಲೇಟು, ಬಲ ಕಾಲಿನ ಚಪ್ಪಲಿ. ತನ್ನದರಲ್ಲಿ ಒಂದೆರಡು ತೆಗೆದು ಮಗಳದು ಒಂದೆರಡು ಸೇರಿಸಿ ನೋಡಿದಳು, ಮುಚ್ಚಳ ಕೂರಲಿಲ್ಲ. ಚಪ್ಪಲಿ ಬಿಡೋಣವೆಂದು ಹೊರಗಿಟ್ಟಳು, ಮತ್ತೆ ಎತ್ತಿಕೊಂಡಳು. ಸ್ಲೇಟು ಬಿಡೋಣವೆಂದರೆ ಅದರ ಮೇಲೆ ಮಗಳು ಗೀಚಿದ ಹೆಸರು ಇನ್ನೂ ಇದೆ. ಮಗಳದರಲ್ಲಿ ಏನನ್ನೂ ಬಿಡಲು ಮನಸ್ಸು ಬರಲಿಲ್ಲ. ತನ್ನದನ್ನೆಲ್ಲ ಬುಟ್ಟಿಗೆ ಸುರಿದಳು, ದರ್ಜಿ ಹೊಲಿದ ಬಿಳಿ ಬಟ್ಟೆ ಹಾಸಿ, ಮಗಳದನ್ನೆಲ್ಲ ಜೋಡಿಸಿ ಮುಚ್ಚಳ ಒತ್ತಿದಳು. ಈಗ ಕೂತಿತು. ಡಬ್ಬದ ಮೇಲೆ ತಾಯಿಯ ಹೆಸರು ಹಾಗೇ ಇತ್ತು.

ವರ್ಷಕ್ಕೊಮ್ಮೆ ಮಳೆ ಮುಗಿದು ಬಿಸಿಲು ಗಟ್ಟಿಯಾದ ಮೇಲೆ ಡಬ್ಬಗಳನ್ನೆಲ್ಲ ಅಂಗಳಕ್ಕೆ ತಂದು, ಗೋಣಿಯ ಮೇಲೆ ಇಟ್ಟು, ತೇವ ಆರಿಸುವುದು ಅಲ್ಲಿನ ಪದ್ಧತಿ. ಅವರವರ ಡಬ್ಬ ಅವರವರೇ ತೆರೆಯಬೇಕು, ಸತ್ತವರದ್ದನ್ನು ಮನೆಯವರು. ಆ ದಿನ ಡಬ್ಬದಕ್ಕ ಎಲ್ಲರಿಗೂ ಡಬ್ಬ ಎತ್ತಿಕೊಟ್ಟು, ಕೊನೆಗೆ ತನ್ನದರ ಮುಂದೆ ಕೂತು ಮುಚ್ಚಳ ತೆಗೆದಳು. ಪಕ್ಕದವರು ಮೊದಲು ಫ್ರಾಕು ನೋಡಿದರು, ಆಮೇಲೆ ಚಪ್ಪಲಿ. ಗುಸುಗುಸು ಅಂಗಳ ಪೂರ್ತಿ ಹಬ್ಬಿ ಅಧ್ಯಕ್ಷರ ಕಿವಿಗೂ ಬಿತ್ತು. ಅವರು ಎದ್ದು ಬಂದು ಬಗ್ಗಿ ನೋಡಿದರು.

"ಏನಮ್ಮ ಇದು?"

"ಡಬ್ಬದೊಳಗೆ ಏನಿಡ್ಬೇಕು ಅನ್ನೋದು ಅವರವರ ಇಷ್ಟ ಭಾವ. ನಿಯಮದಲ್ಲೇ ಇದೆ."

"ಅದು ಸರಿ. ನಿಂದೆಲ್ಲ ಎಲ್ಲಿ? ನಾಳೆ ನೀನು ಇದ್ದೆ ಅನ್ನೋದಕ್ಕೆ ಏನಿರುತ್ತೆ?"

"ಏನೂ ಬೇಡ. ನಾನು ಇಲ್ಲಿ ಹುಟ್ಟೇ ಇಲ್ಲ ಅಂದ್ಕೊಳ್ಳಿ."

ಅಧ್ಯಕ್ಷರು ಕೊನೆ ಡಬ್ಬದ ಮುಖ ನೋಡಿದರು, ಅವನು ಮೀಸೆ ಮುಟ್ಟಿಕೊಂಡು ಆಕಾಶ ನೋಡಿದ. ನಿಯಮದಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ. ಅಷ್ಟರಲ್ಲಿ ಲಾಂಚಿನವನ ಹೆಂಡತಿ, ಅವಳು ದ್ವೀಪದಲ್ಲೇ ಹುಟ್ಟಿ ಬೆಳೆದವಳು, ತನ್ನ ಡಬ್ಬವನ್ನು ಗೋಣಿಯ ಮೇಲೆ ಬೋರಲು ಹಾಕಿ ತಟ್ಟಿದಳು. ತವರಿನ ಫೋಟೋಗಳು, ಒಂದು ಜಡೆ, ಏನೇನೋ ಬಿದ್ದವು. ಮಗನನ್ನು ಕರೆದು ಹೇಳಿದಳು, "ಮನೆಗೆ ಓಡು. ನಿನ್ನ ಸರ್ಟಿಫಿಕೇಟು, ಚಿಕ್ಕೋನಿದ್ದಾಗಿನ ಸ್ವೆಟರು, ಎಲ್ಲ ತಗೊಂಡು ಬಾ." ಬ್ರೆಡ್ಡು ಸುಡುವವನ ಹೆಂಡತಿ ಒಂದು ಕ್ಷಣ ನೋಡಿದಳು, ತನ್ನದನ್ನೂ ಸುರಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಅವಳಿ ಮಕ್ಕಳಿಗೆ ಒಂದು ಡಬ್ಬ ಸಾಲಲಿಲ್ಲ. ಬ್ರೆಡ್ಡು ಸುಡುವವನ ಹೆಂಡತಿ ಗಂಡನ ಕಡೆ ತಿರುಗಿ, "ನಿಮ್ಮದನ್ನೂ ಖಾಲಿ ಮಾಡಿ, ಒಬ್ಬೊಬ್ಬರಿಗೆ ಒಂದೊಂದಾಗುತ್ತೆ" ಅಂದಳು.

"ನಂದ್ಯಾಕೆ?" ಅವನು ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಇದ್ರಲ್ಲಿ ನಮ್ಮಪ್ಪನ ಫೋಟೋ ಇದೆ."

ಅಂಗಳದಲ್ಲಿ ಗಂಡಸರ ಡಬ್ಬ ಒಂದೂ ಖಾಲಿಯಾಗಲಿಲ್ಲ. ಲಾಂಚಿನವನು ತನ್ನ ಡಬ್ಬದ ಮುಂದೆ ಕೂತು ಒಂದು ಹಳೆಯ ಲೈಸೆನ್ಸನ್ನು ಬಿಸಿಲಿಗೆ ಹಿಡಿದು ಓದುತ್ತಲೇ ಇದ್ದ. ಅವಳಿಗಳಿಬ್ಬರೂ ಅಮ್ಮನ ಒಂದೇ ಡಬ್ಬದಲ್ಲಿ ಒತ್ತಿಕೊಂಡು ಕೂತರು.

ಡಬ್ಬದಕ್ಕ ನೋಡುತ್ತ ನಿಂತಿದ್ದಳು. ನಿಲ್ಲಿಸಿ, ಹೀಗೆ ಮಾಡಬೇಡಿ ಎಂದು ಕೂಗಬೇಕೆಂದು ಬಾಯಿ ತೆರೆದಳು. ಮುಂದೆ ಈ ಡಬ್ಬ ತೆಗೆದವರು ಮೇಲಿನ ಹೆಸರು ಓದಿ ಒಳಗಿರುವುದು ಅವಳದೇ ಎಂದುಕೊಳ್ಳುತ್ತಾರೆ, ಆ ಹೆಂಗಸು ಹುಡುಗರ ಸ್ವೆಟರು ಹಾಕಿಕೊಂಡು ಬೆಳೆದಳು ಎಂದುಕೊಳ್ಳುತ್ತಾರೆ. ನಿಜವಾದ ಹೆಂಗಸು ಎಲ್ಲೂ ಇರುವುದಿಲ್ಲ. ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಒಂದು ಬೆಳಿಗ್ಗೆಯಲ್ಲಿ ಸುಳ್ಳಾಗುತ್ತಿತ್ತು. ಆದರೆ ಯಾವ ಬಾಯಲ್ಲಿ ಬೇಡ ಅನ್ನಲಿ? ಮೊದಲು ಸುರಿದವಳು ತಾನೇ. ತೆರೆದ ಬಾಯಿ ಮುಚ್ಚಿಕೊಂಡು, ಯಾರಿಗೋ ಮುಚ್ಚಳ ಕೂರದಿದ್ದಕ್ಕೆ ಹೋಗಿ ಒತ್ತಿಕೊಟ್ಟಳು.

ಸಂಜೆ ಡಬ್ಬಗಳೆಲ್ಲ ಮತ್ತೆ ಹಲಗೆ ಸೇರಿದ ಮೇಲೆ ಅಧ್ಯಕ್ಷರು ಬೆರಳು ಆಡಿಸುತ್ತ ಒಂದು ಸುತ್ತು ಎಣಿಸಿದರು. "ಎಷ್ಟಿದ್ವೋ ಅಷ್ಟೇ ಇವೆ. ಹೊಸದು ಒಂದೂ ಇಲ್ಲ. ನಿಯಮ ಮುರಿದಿಲ್ಲ ಅಂತಾಯ್ತು." ನಿರಾಳವಾಗಿ ಉಸಿರು ಬಿಟ್ಟು, ತಮ್ಮ ಡಬ್ಬದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ಹೊರಟರು. ಡಬ್ಬದಕ್ಕ ಕಿಟಕಿ ಮುಚ್ಚಿ ಬಾಗಿಲಿಗೆ ಬೀಗ ಹಾಕಿದಳು.

ಲಾಂಚಿನವನ ಹೆಂಡತಿ ಗೇಟಿನ ಹತ್ತಿರ ಕಾಯುತ್ತಿದ್ದಳು. ಅವಳ ಕೈಯಲ್ಲಿ ಬಟ್ಟೆಯ ಚೀಲ, ಚೀಲದಿಂದ ಹಳೆಯ ಜಡೆಯ ತುದಿ ಹೊರಗೆ ಇಣುಕುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವರಿಬ್ಬರು ಮುಖ ಕೊಟ್ಟು ಮಾತಾಡಿದ್ದು ಅದೇ ಮೊದಲು.

"ಅಕ್ಕ, ಇದನ್ನೆಲ್ಲ ಏನು ಮಾಡ್ಲಿ? ಮನೇಲಿ ಇಟ್ರೆ ಇವ್ರು ಕಸ ಅಂತ ಬಿಸಾಡ್ತಾರೆ. ನೀವು ನಿಮ್ಮದನ್ನ ಎಲ್ಲಿಟ್ರಿ?"

ಡಬ್ಬದಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಲೆಗೆ ಹಾಕ್ದೆ ಕಣೆ. ಅವತ್ತಿನ ಅನ್ನ ಅದರಲ್ಲೇ ಬೆಂತು."

ಲಾಂಚಿನವನ ಹೆಂಡತಿ ಚೀಲವನ್ನು ಎದೆಗೆ ಅವುಚಿಕೊಂಡಳು. ಇಬ್ಬರೂ ಜೊತೆಯಲ್ಲೇ ಬೀದಿಗೆ ಇಳಿದರು.